ಅದಿರಿನ ರೈಲು ಮತ್ತು ಡೀಸೆಲ್ ಇಂಜಿನ್: ಯಾವ ದೇಶ ಬಿಟ್ಟಿತು, ಯಾವುದು ಇಟ್ಟುಕೊಂಡಿತು?

ತೋರಣಗಲ್ಲು ಜಂಕ್ಷನ್ (ಸಂಡೂರು ತಾಲ್ಲೂಕು):

ಗುಂತಕಲ್ಲು–ಬಳ್ಳಾರಿ–ಹೊಸಪೇಟೆ ಮಾರ್ಗಕ್ಕೆ ವಿದ್ಯುತ್ ತಂತಿ ಬಂದ ಮೇಲೆ ನಮ್ಮ ಸೀಮೆಯ ಅದಿರಿನ ರೇಕುಗಳ (ಸರಕು ವ್ಯಾಗನ್ನುಗಳ ಸಾಲಿನ) ಮುಂದೆ ಡೀಸೆಲ್ ಇಂಜಿನ್ ಕಾಣುವುದು ಕಡಿಮೆಯಾಗಿದೆ. 2014ರಲ್ಲಿ ದೇಶದ ರೈಲು ಮಾರ್ಗದ ಮೂರನೇ ಒಂದು ಭಾಗದಷ್ಟಕ್ಕೆ ಮಾತ್ರ ತಂತಿ ಇತ್ತು. 2025ರ ಹೊತ್ತಿಗೆ ಬ್ರಾಡ್‌ಗೇಜ್ ಜಾಲದ ಸುಮಾರು ಶೇ. 99 ಭಾಗ ವಿದ್ಯುದೀಕರಣಗೊಂಡಿದೆ. ಇದನ್ನು ಕಂಡ ಕೆಲವು ಸದಸ್ಯರು, ಜಗತ್ತಿನಾದ್ಯಂತ ಡೀಸೆಲ್ ರೈಲಿನ ಕಾಲ ಮುಗಿಯಿತೆಂದೂ ಬಡ ದೇಶಗಳಲ್ಲಿ ಮಾತ್ರ ಅದು ಉಳಿದಿದೆಯೆಂದೂ ಬೇರೊಂದು ಚರ್ಚೆಯಲ್ಲಿ ಬರೆದಿದ್ದರು. ಆ ಮಾತು ವಸ್ತುಸ್ಥಿತಿಗೆ ಹೊಂದುವುದಿಲ್ಲ ಎಂಬುದು ನನ್ನ ವಾದ.

ಮೊದಲು ಅಳತೆಯ ವಿಚಾರ ಇತ್ಯರ್ಥವಾಗಲಿ. ಎಷ್ಟು ಕಿಲೋಮೀಟರ್ ಮಾರ್ಗಕ್ಕೆ ತಂತಿ ಇದೆ ಎಂಬುದು ಒಂದು ಲೆಕ್ಕ. ಎಷ್ಟು ಟನ್ ಸರಕು ಎಷ್ಟು ದೂರ ಯಾವ ಇಂಜಿನ್ನಿನ ಹಿಂದೆ ಸಾಗಿತು ಎಂಬುದು ಬೇರೆಯೇ ಲೆಕ್ಕ. ರಷ್ಯಾದಲ್ಲಿ ತಂತಿ ಇರುವುದು ಜಾಲದ ಅರ್ಧದಷ್ಟಕ್ಕೆ, ಆದರೆ ಸರಕಿನ ಶೇ. 85ಕ್ಕೂ ಹೆಚ್ಚು ಭಾಗ ಆ ಅರ್ಧದ ಮೇಲೆಯೇ ಸಾಗುತ್ತದೆ. ನಮ್ಮಲ್ಲೂ ಮೂರನೇ ಒಂದು ಭಾಗಕ್ಕೆ ತಂತಿ ಇದ್ದ ಕಾಲದಲ್ಲೇ ಸರಕಿನ ಸುಮಾರು ಮೂರನೇ ಎರಡು ಭಾಗವನ್ನು ವಿದ್ಯುತ್ ಇಂಜಿನ್ನುಗಳು ಎಳೆಯುತ್ತಿದ್ದವು. ಮಾರ್ಗದ ಉದ್ದ ಮಾತ್ರ ನೋಡುವವರಿಗೆ ಡೀಸೆಲ್‌ನ ಪಾಲು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಎರಡನೆಯದಾಗಿ, ದೇಶ ದೇಶಗಳನ್ನು ಇಡಿಯಾಗಿ ಹೋಲಿಸಿದರೆ ಎಲ್ಲವೂ ಕಲಸಿಹೋಗುತ್ತದೆ. ಸರಕು ಒಂದೇ ಆಗಿರಲಿ, ನಮಗೆ ಪರಿಚಯವಿರುವುದೇ ಆಗಿರಲಿ ಎಂದು ಕಬ್ಬಿಣದ ಅದಿರನ್ನು ತೆಗೆದುಕೊಳ್ಳುತ್ತೇನೆ. ಸ್ವೀಡನ್ನಿನ ಕಿರುನಾದಿಂದ ನಾರ್ವೆಯ ನಾರ್ವಿಕ್ ಬಂದರಿಗೆ ಹೋಗುವ ಅದಿರಿನ ಮಾರ್ಗದಲ್ಲಿ ವಿದ್ಯುತ್ ಇಂಜಿನ್ನುಗಳು ಓಡಲು ಶುರುವಾದದ್ದು 1915ರಲ್ಲಿ. ದಕ್ಷಿಣ ಆಫ್ರಿಕಾದ ಸಿಶೆನ್–ಸಾಲ್ಡಾನಾ ಮಾರ್ಗ 861 ಕಿಲೋಮೀಟರ್. ಅಲ್ಲಿನ ತಂತಿಯಲ್ಲಿ ನಮ್ಮ 25 ಕಿಲೋವೋಲ್ಟ್‌ನ ಎರಡರಷ್ಟು, ಅಂದರೆ 50 ಕಿಲೋವೋಲ್ಟ್ ಇದೆ. ಒಂದು ರೈಲಿಗೆ 342 ವ್ಯಾಗನ್. ಇನ್ನೊಂದು ಕಡೆ, ಬ್ರೆಜಿಲ್‌ನ ಕರಾಜಾಸ್ ಗಣಿಯಿಂದ ಕಡಲಿಗೆ 892 ಕಿಲೋಮೀಟರ್, ರೈಲಿಗೆ 330 ವ್ಯಾಗನ್, ಎಳೆಯುವುದು ಡೀಸೆಲ್. ಮಾರಿಟೇನಿಯಾದ ಮರುಭೂಮಿಯ 704 ಕಿಲೋಮೀಟರ್ ಮಾರ್ಗವೂ ಡೀಸೆಲ್. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದಲ್ಲಿ ರಿಯೊ ಟಿಂಟೊ ಕಂಪನಿ 2018ರಿಂದ ಚಾಲಕರಿಲ್ಲದ ಅದಿರಿನ ರೈಲುಗಳನ್ನು ಓಡಿಸುತ್ತಿದೆ. ಚಾಲಕನನ್ನೇ ಬಿಟ್ಟ ರೈಲು ಡೀಸೆಲ್ ಇಂಜಿನ್ನನ್ನು ಬಿಟ್ಟಿಲ್ಲ!

ಬಡತನ, ಸಿರಿತನ, ತಂತ್ರಜ್ಞಾನ ಇವುಗಳಿಂದ ಈ ಪಟ್ಟಿಯನ್ನು ವಿವರಿಸಲು ಆಗುವುದಿಲ್ಲ. ಹಾಗಾದರೆ ಯಾವುದರಿಂದ ಆಗುತ್ತದೆ? ತಿಳಿದವರು ದಯವಿಟ್ಟು ಬರೆಯಬೇಕು.

ನಿವೃತ್ತ ಚಾಲಕ, ಹೊಸಪೇಟೆ:

ಸರ್, ಇಂಜಿನ್ನಿನ ಒಳಗಿನ ಕೆಲಸ ತಿಳಿದರೆ ಅರ್ಧ ಉತ್ತರ ಸಿಗುತ್ತದೆ. ನಾವು ಡೀಸೆಲ್ ಎಂದು ಕರೆಯುವ ದೊಡ್ಡ ಲೋಕೋಗಳು ವಾಸ್ತವದಲ್ಲಿ ಡೀಸೆಲ್-ಎಲೆಕ್ಟ್ರಿಕ್. ಒಳಗಿನ ಇಂಜಿನ್ ಆಲ್ಟರ್ನೇಟರನ್ನು ತಿರುಗಿಸುತ್ತದೆ, ಅಲ್ಲಿ ಹುಟ್ಟಿದ ವಿದ್ಯುತ್ತು ಗಾಲಿಗಳ ಮೋಟಾರುಗಳಿಗೆ ಹೋಗುತ್ತದೆ. ಎರಡೂ ಬಗೆಯಲ್ಲಿ ಗಾಲಿ ತಿರುಗಿಸುವುದು ವಿದ್ಯುತ್ ಮೋಟಾರೇ. ಒಂದು ತನ್ನ ಪವರ್ ಹೌಸನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತದೆ, ಇನ್ನೊಂದು ಅದನ್ನು ಹೊರಗೆ ಬಿಟ್ಟು ತಂತಿಯಿಂದ ಪಡೆಯುತ್ತದೆ. ಹೊಟ್ಟೆಯಲ್ಲಿಟ್ಟುಕೊಂಡರೆ ಒಂದು ಮಿತಿ ಬರುತ್ತದೆ. ಸರಕು ಎಳೆಯುವ ಡೀಸೆಲ್ ಲೋಕೋ ಡಬ್ಲ್ಯುಡಿಜಿ-4 ಬಂದಾಗ ಅದರ ಶಕ್ತಿ 4000 ಅಶ್ವಶಕ್ತಿ. ವಿದ್ಯುತ್ತಿನ ಡಬ್ಲ್ಯುಎಜಿ-9 ಕೊಡುವುದು 6000ಕ್ಕೂ ಹೆಚ್ಚು; ಮಾಧೇಪುರದಲ್ಲಿ ತಯಾರಾಗುವ ಜೋಡಿ ಲೋಕೋ ಡಬ್ಲ್ಯುಎಜಿ-12 ಬಿ 12000 ಕೊಡುತ್ತದೆ.

ಅದಿರಿನ ವಿಚಾರಕ್ಕೆ ಬಂದರೆ, ಏರಿಗಿಂತ ಇಳಿಜಾರೇ ಮುಖ್ಯ. ಕ್ಯಾಸಲ್ ರಾಕ್‌ನಿಂದ ಕುಳೆಮ್‌ಗೆ ಇಳಿಯುವ ಬ್ರಗಾಂಜಾ ಘಾಟಿನಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಇಳಿತವಿದೆ. ಡೈನಾಮಿಕ್ ಬ್ರೇಕ್ ಹಾಕಿದಾಗ ಮೋಟಾರುಗಳೇ ಜನರೇಟರ್ ಆಗಿ ವಿದ್ಯುತ್ ಹುಟ್ಟಿಸುತ್ತವೆ, ಆದರೆ ಡೀಸೆಲ್ ಲೋಕೋದಲ್ಲಿ ಅದನ್ನು ಕಳಿಸಲು ಜಾಗವಿಲ್ಲ. ಮೇಲ್ಭಾಗದ ಗ್ರಿಡ್‌ಗಳಲ್ಲಿ ಶಾಖವಾಗಿ ಗಾಳಿಗೆ ಹೋಗುತ್ತದೆ. ತಂತಿ ಇದ್ದರೆ ಅದೇ ವಿದ್ಯುತ್ತನ್ನು ಹಿಂದಕ್ಕೆ ಕೊಡಬಹುದು. ತಾವು ಹೇಳಿದ ನಾರ್ವಿಕ್ ಮಾರ್ಗದಲ್ಲಿ ಆಗುವುದು ಅದೇ: ಗಣಿ ಮೇಲಿದೆ, ಬಂದರು ಕೆಳಗಿದೆ, ತುಂಬಿದ ರೈಲು ಇಳಿಯುತ್ತಾ ಹುಟ್ಟಿಸುವ ವಿದ್ಯುತ್ತು ಖಾಲಿ ರೇಕು ಹತ್ತುವುದಕ್ಕೆ ಒದಗುತ್ತದೆ.

ಕೇಂದ್ರ ಸರ್ಕಾರದ ಗಣಿ ಕಂಪನಿಯಾದ ನಮ್ಮ ಎನ್‌ಎಂಡಿಸಿಯನ್ನೇ ನೋಡಿ. ಛತ್ತೀಸ್‌ಗಢದ ಬೈಲಾಡಿಲಾದ ಅದಿರು ಪೂರ್ವ ಘಟ್ಟ ಇಳಿದು ವಿಶಾಖಪಟ್ಟಣಕ್ಕೆ ಹೋಗುವ ಕಿರಂದುಲ್ ಮಾರ್ಗಕ್ಕೆ 1980ರ ದಶಕದ ಆರಂಭದಲ್ಲೇ ತಂತಿ ಬಂದಿತು. ನಮ್ಮ ಸಂಡೂರಿನ ದೋಣಿಮಲೈನಲ್ಲಿರುವುದೂ ಅದೇ ಕಂಪನಿ, ತೆಗೆಯುವುದೂ ಅದೇ ಅದಿರು. ಇಲ್ಲಿ ಮಾತ್ರ ದಶಕಗಳ ಕಾಲ ಡೀಸೆಲ್ಲೇ ನಡೆಯಿತು. 1999ರಿಂದ ಬಂದ ಡಬ್ಲ್ಯುಡಿಜಿ-4 ಲೋಕೋಗಳಿಗೆ ಮೊದಲ ಮನೆಯಾದದ್ದು ಹುಬ್ಬಳ್ಳಿ ಶೆಡ್ ಎಂಬುದನ್ನು ಈ ಭಾಗದ ರೈಲ್ವೆಯವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಲೆಕ್ಕದ ಮೇಷ್ಟ್ರು (ಬಳ್ಳಾರಿ):

ಚಾಲಕ ಹಿರಿಯರು ಎತ್ತಿದ ಬೈಲಾಡಿಲಾ–ದೋಣಿಮಲೈ ಹೋಲಿಕೆ ಈ ಚರ್ಚೆಯ ತಿರುಳು ಎಂದು ನನಗನ್ನಿಸುತ್ತದೆ. ಅಲ್ಲಿ ಏಕೆ ಮೊದಲೇ ಬಂದಿತು, ಇಲ್ಲಿ ಏಕೆ ತಡವಾಯಿತು? ಕಿರಂದುಲ್ ಮಾರ್ಗವನ್ನು ಕಟ್ಟಿದ್ದೇ ಜಪಾನಿಗೆ ಅದಿರು ಕಳಿಸುವುದಕ್ಕಾಗಿ. ಸರಕು ವರ್ಷಗಟ್ಟಲೆ ಖಚಿತ. ನಮ್ಮದು ಹಾಗಲ್ಲ. ಗುಂತಕಲ್ಲು–ಹುಬ್ಬಳ್ಳಿ ಮಾರ್ಗ ಮೊದಲು ಮೀಟರ್‌ಗೇಜ್ ಆಗಿತ್ತು, 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಆ ಮೇಲೆ ಚೀನಾದ ಬೇಡಿಕೆಯಿಂದ ಅದಿರಿನ ಭರಾಟೆ ಬಂದಿತು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ರಫ್ತಿಗೆ ಮತ್ತೆ ಅವಕಾಶ ಸಿಕ್ಕಿದ್ದು 2022ರಲ್ಲಿ. ಸೈಡಿಂಗುಗಳಲ್ಲಿ ರೇಕುಗಳ ಸಾಲು ನಿಂತದ್ದನ್ನೂ ಅವೇ ಸೈಡಿಂಗುಗಳು ಬಣಗುಟ್ಟಿದ್ದನ್ನೂ ಕೆಲವೇ ವರ್ಷಗಳ ಅಂತರದಲ್ಲಿ ಕಂಡ ಊರು ನಮ್ಮದು.

ಈಗ ಬಂಡವಾಳ ಹಾಕುವವನ ಜಾಗದಲ್ಲಿ ನಿಂತು ಯೋಚಿಸಿ. ತಂತಿ, ಕಂಬ, ಸಬ್‌ಸ್ಟೇಷನ್ನುಗಳಿಗೆ ಸುರಿದ ಹಣ ನೆಲದಲ್ಲಿ ಹೂತ ಹಣ. ಸರಕು ನಿಂತರೆ ಅದು ಅಲ್ಲಿಯೇ ಬಿದ್ದಿರುತ್ತದೆ. ಡೀಸೆಲ್ ಲೋಕೋಗೆ ಹಾಕಿದ ಹಣ ಗಾಲಿಯ ಮೇಲಿದೆ. ಇಲ್ಲಿ ಅದಿರು ಇಲ್ಲದಿದ್ದರೆ ಅದೇ ಲೋಕೋವನ್ನು ಇನ್ನೊಂದು ವಲಯಕ್ಕೆ ಕಳಿಸಬಹುದು. ಓಡಿಸುವ ಖರ್ಚಿನಲ್ಲಿ ವಿದ್ಯುತ್ತು ಅಗ್ಗ, ಆದರೆ ಆ ಉಳಿತಾಯದಿಂದ ಹೂತ ಹಣ ಹಿಂತಿರುಗಬೇಕಾದರೆ ಮಾರ್ಗದ ಮೇಲೆ ದಿನಕ್ಕೆ ಸಾಕಷ್ಟು ರೈಲುಗಳು, ಅವೂ ಹಲವು ದಶಕಗಳ ಕಾಲ ಓಡಬೇಕು. ಆದ್ದರಿಂದ ಸರಕಿನ ದಟ್ಟಣೆ ಎಷ್ಟು, ಅದು ಎಷ್ಟು ಖಚಿತ, ಮಾರ್ಗದ ಒಡೆಯ ಎಷ್ಟು ವರ್ಷ ಮುಂದಿನ ಲೆಕ್ಕ ಹಾಕಬಲ್ಲ ಎಂಬುದರ ಮೇಲೆ ಡೀಸೆಲ್ ಉಳಿಯುವುದೋ ಹೋಗುವುದೋ ನಿಂತಿದೆ. ತೈಲದ ಬೆಲೆ ಈ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಬರಬಹುದು.

ಚೀನಾದ ದಾತೊಂಗ್–ಛಿನ್‌ಹ್ವಾಂಗ್‌ದಾವ್ ಕಲ್ಲಿದ್ದಲು ಮಾರ್ಗ ಈ ಲೆಕ್ಕಕ್ಕೆ ಒಂದು ತುದಿಯ ಉದಾಹರಣೆ: 653 ಕಿಲೋಮೀಟರ್, ವರ್ಷಕ್ಕೆ 40 ಕೋಟಿ ಟನ್ನಿನ ಆಸುಪಾಸು, 20,000 ಟನ್ ಹೊರುವ ರೈಲುಗಳು, ಸರ್ಕಾರದ ಒಡೆತನ. ಅಂಥ ಕಡೆ ತಂತಿ ಹಾಕಬೇಕೋ ಬೇಡವೋ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಕೃಷ್ಣಾ ತೀರ (ರಾಯಚೂರು):

ಮೇಷ್ಟ್ರ ಸೂತ್ರ ಚೆನ್ನಾಗಿದೆ, ಆದರೆ ಅಮೆರಿಕದ ಮುಂದೆ ಅದು ನಿಲ್ಲುವುದಿಲ್ಲವಲ್ಲ. ಲಾಸ್ ಏಂಜಲೀಸ್–ಷಿಕಾಗೊ ನಡುವಿನ ಸರಕು ಮಾರ್ಗದ ಮೇಲೆ ದಿನವಿಡೀ ಕಂಟೇನರ್ ರೈಲುಗಳು ಸಾಲುಗಟ್ಟಿ ಓಡುತ್ತವೆ. ದಟ್ಟಣೆ ಇದೆ, ಖಚಿತವೂ ಇದೆ. ಆದರೂ ಅಲ್ಲಿ ತಂತಿ ಇಲ್ಲ. ಸುಮಾರು 2,20,000 ಕಿಲೋಮೀಟರ್ ಜಾಲದಲ್ಲಿ ತಂತಿ ಇರುವುದು ಶೇ. 1ರಷ್ಟೂ ಇಲ್ಲ. ಕಂಟೇನರಿನ ಮೇಲೆ ಕಂಟೇನರ್ ಪೇರಿಸುವುದರಿಂದ ತಂತಿಗೆ ಎತ್ತರ ಸಾಲದು ಎಂಬ ಕಾರಣವನ್ನೂ ಅಲ್ಲಿಯವರು ಕೊಡುತ್ತಾರೆ.

ನನ್ನ ಇನ್ನೊಂದು ಸಂಶಯ ಮನೆಯ ಹತ್ತಿರದ್ದು. ನಮ್ಮ ಶಕ್ತಿನಗರದ ಮತ್ತು ನಿಮ್ಮ ಕುಡತಿನಿಯ ಉಷ್ಣ ವಿದ್ಯುತ್ ಕೇಂದ್ರಗಳಿಗೆ ಕಲ್ಲಿದ್ದಲಿನ ರೇಕುಗಳು ಬರುತ್ತಲೇ ಇವೆ. ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡಿ, ಆ ವಿದ್ಯುತ್ತಿನಿಂದ ಮತ್ತೆ ಕಲ್ಲಿದ್ದಲಿನ ರೇಕು ಎಳೆಯುವುದರಲ್ಲಿ ಉಳಿತಾಯವೆಲ್ಲಿದೆ? ಹೊಗೆ ರೈಲಿನ ಮೇಲಿಂದ ಚಿಮಣಿಗೆ ಹೋಯಿತು, ಅಷ್ಟೇ ಅಲ್ಲವೇ?

ಲೆಕ್ಕದ ಮೇಷ್ಟ್ರು (ಬಳ್ಳಾರಿ):

ಎರಡಕ್ಕೂ ಉತ್ತರಿಸುತ್ತೇನೆ. ಅಮೆರಿಕದಲ್ಲಿ ನನ್ನ ಮೂರನೆಯ ಅಂಶ, ಅಂದರೆ ಒಡೆತನ, ಕೆಲಸ ಮಾಡುತ್ತದೆ. ಅಲ್ಲಿನ ಸರಕು ರೈಲು ಮಾರ್ಗಗಳು ಖಾಸಗಿ ಕಂಪನಿಗಳ ಸ್ವತ್ತು. ಹಳಿ, ಜಮೀನು, ಸಿಗ್ನಲ್ ಎಲ್ಲವೂ ಅವರದೇ. ತಂತಿ ಹಾಕಿದರೆ ಆ ಖರ್ಚೂ ಅವರದೇ, ಸ್ವತ್ತಿನ ಮೇಲಿನ ತೆರಿಗೆಯೂ ಅವರದೇ. ಷೇರುದಾರನಿಗೆ ಈ ವರ್ಷದ ಲಾಭ ಬೇಕು, 30 ವರ್ಷಗಳ ನಂತರದ್ದಲ್ಲ. ಜೊತೆಗೆ ಒಂದು ಕಂಪನಿಯ ಲೋಕೋಗಳು ಇನ್ನೊಂದರ ಹಳಿಯ ಮೇಲೆ ಸರಾಗವಾಗಿ ಹೋಗಿಬರುವ ಪದ್ಧತಿ ಅಲ್ಲಿದೆ. ಒಬ್ಬರು ಮಾತ್ರ ತಂತಿ ಹಾಕಿದರೆ ಗಡಿಯಲ್ಲಿ ಇಂಜಿನ್ ಬದಲಿಸಬೇಕಾಗುತ್ತದೆ.

ಕಂಟೇನರಿನ ಎತ್ತರದ ನೆಪಕ್ಕೆ ನಮ್ಮ ದೇಶವೇ ಉತ್ತರ ಕೊಟ್ಟಿದೆ. ಪಶ್ಚಿಮ ಸರಕು ಕಾರಿಡಾರಿನಲ್ಲಿ ತಂತಿಯನ್ನು ಏಳು ಮೀಟರಿಗೂ ಹೆಚ್ಚು ಎತ್ತರಕ್ಕೆ ಕಟ್ಟಿ, ತಂತಿಯಿಂದ ವಿದ್ಯುತ್ ಪಡೆಯುವ ಉದ್ದ ಕೈಯ ಪ್ಯಾಂಟೋಗ್ರಾಫ್ ಇರುವ ಲೋಕೋಗಳಿಂದ ಎರಡು ಅಂತಸ್ತಿನ ಕಂಟೇನರ್ ರೈಲುಗಳನ್ನು ಎಳೆಯಲಾಗುತ್ತಿದೆ.

ಅಮೆರಿಕದಲ್ಲಿ ಎಂದೂ ತಂತಿ ಇರಲಿಲ್ಲ ಎಂದು ಯಾರೂ ತಿಳಿಯಬಾರದು. ಮಿಲ್ವಾಕೀ ರೋಡ್ ಎಂಬ ಕಂಪನಿ 1915ರ ಸುಮಾರಿಗೆ ಮೊಂಟಾನಾದ ಪರ್ವತಗಳ ಮೇಲೆ ನೂರಾರು ಕಿಲೋಮೀಟರ್ ತಂತಿ ಎಳೆದಿತ್ತು. ಅದನ್ನು 1974ರ ಜೂನ್‌ನಲ್ಲಿ ನಿಲ್ಲಿಸಿ ಪೂರ್ತಿ ಡೀಸೆಲ್‌ಗೆ ಹೋದರು. ಅರಬ್ ದೇಶಗಳು ತೈಲ ತಡೆಹಿಡಿದು ಬೆಲೆ ನಾಲ್ಕು ಪಟ್ಟು ಏರಿದ ಮರು ವರ್ಷವೇ ಇದು ನಡೆದದ್ದು. ತೈಲದ ಬೆಲೆಯೊಂದೇ ನಿರ್ಣಾಯಕವಾಗಿದ್ದರೆ ಆ ತಂತಿ ಉಳಿಯಬೇಕಿತ್ತು. ಉಳಿಯಲಿಲ್ಲ, ಏಕೆಂದರೆ ಕಂಪನಿಯ ಬೊಕ್ಕಸ ಬರಿದಾಗಿತ್ತು, ಹಳೆಯ ಸಲಕರಣೆ ಬದಲಿಸುವ ಶಕ್ತಿ ಇರಲಿಲ್ಲ, ಕಳಚಿದ ತಾಮ್ರಕ್ಕೆ ಒಳ್ಳೆಯ ಬೆಲೆ ಇತ್ತು.

ಶಕ್ತಿನಗರದ ಪ್ರಶ್ನೆ ನ್ಯಾಯವಾದದ್ದು. ನಮ್ಮ ದೇಶದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಇಂದಿಗೂ ಮುಕ್ಕಾಲರಷ್ಟಿದೆ, ಆದ್ದರಿಂದ ವಿದ್ಯುತ್ ರೈಲು ಹೊಗೆಯಿಲ್ಲದ ರೈಲು ಎಂದು ಜಾಹೀರಾತು ಮಾಡುವುದು ಅತಿಯಾಯಿತು. ಆದರೆ ಭಾರತ ತಂತಿ ಎಳೆದದ್ದು ಹೊಗೆಗಾಗಿ ಮಾತ್ರವಲ್ಲ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರದೇಶದಿಂದ ಬರುತ್ತದೆ. ಕಲ್ಲಿದ್ದಲಿನ ಬಹುಪಾಲು ಸಿಂಗರೇಣಿ, ಮಹಾನದಿಯಂಥ ನಮ್ಮದೇ ಗಣಿಗಳಲ್ಲಿದೆ. ನಾಳೆ ಪಾವಗಡದ ಸೌರ ವಿದ್ಯುತ್ತು ಗ್ರಿಡ್‌ಗೆ ಹೆಚ್ಚು ಬಂದರೆ ಲೋಕೋ ಬದಲಿಸುವ ಅಗತ್ಯವಿಲ್ಲ, ಅದು ಅದೇ ತಂತಿಯಿಂದ ಹಾಗೆಯೇ ಓಡುತ್ತದೆ. ಡೀಸೆಲ್ ಲೋಕೋಗೆ ಆ ಸೌಲಭ್ಯವಿಲ್ಲ. ಸ್ವಿಟ್ಜರ್ಲೆಂಡ್ ನೂರು ವರ್ಷಗಳ ಹಿಂದೆ ಮಾಡಿದ್ದೂ ಇದೇ ಬಗೆಯ ಲೆಕ್ಕ. ಮೊದಲ ಮಹಾಯುದ್ಧದಲ್ಲಿ ಹೊರಗಿನ ಕಲ್ಲಿದ್ದಲು ಸಿಗದೆ ಪರದಾಡಿದ ಮೇಲೆ ತನ್ನ ಬೆಟ್ಟಗಳ ಜಲವಿದ್ಯುತ್ತಿಗೆ ರೈಲನ್ನು ಕಟ್ಟಿಕೊಂಡಿತು. ಹಾಗಾಗಿ ಅಲ್ಲಿ ಡೀಸೆಲ್ ಯುಗ ಎಂಬುದೇ ಸರಿಯಾಗಿ ಬರಲಿಲ್ಲ.

ಕಾರಟಗಿ ಅಕ್ಕಿ (ಕೊಪ್ಪಳ ಜಿಲ್ಲೆ):

ದೊಡ್ಡ ಮಾರ್ಗಗಳ ಮಾತಾಯಿತು, ನಮ್ಮಂಥ ಸಣ್ಣ ಮಾರ್ಗಗಳ ಗತಿ ಏನು? ಗಿಣಿಗೇರಾದಿಂದ ಗಂಗಾವತಿ, ಕಾರಟಗಿ ದಾಟಿ 2024ರಲ್ಲಿ ಸಿಂಧನೂರಿನವರೆಗೆ ರೈಲು ಬಂದಿದೆ. ರಾಯಚೂರು ಮುಟ್ಟುವುದು ಬಾಕಿ ಇದೆ. ಇಂಥ ಕಡೆ ದಿನಕ್ಕೆ ಓಡುವುದು ಕೆಲವೇ ರೈಲುಗಳು. ನಮ್ಮ ಗದ್ದೆಗಳಲ್ಲಿ ಕರೆಂಟಿನ ಮೋಟಾರು ಇದ್ದರೂ ಮೂಲೆಯಲ್ಲಿ ಒಂದು ಡೀಸೆಲ್ ಪಂಪ್‌ಸೆಟ್ ಇಟ್ಟುಕೊಳ್ಳುವ ರೈತನಂತೆ ರೈಲ್ವೆಯೂ ಸಣ್ಣ ಮಾರ್ಗಕ್ಕೆ ಡೀಸೆಲ್ಲನ್ನೇ ಉಳಿಸಿಕೊಂಡಿದ್ದರೆ ಅಗ್ಗವಾಗುತ್ತಿರಲಿಲ್ಲವೇ? ಮೇಷ್ಟ್ರ ಸೂತ್ರದ ಪ್ರಕಾರವೇ ಕೇಳುತ್ತಿದ್ದೇನೆ.

ತೋರಣಗಲ್ಲು ಜಂಕ್ಷನ್ (ಸಂಡೂರು ತಾಲ್ಲೂಕು):

ಮಾರ್ಗವನ್ನು ಒಂಟಿಯಾಗಿ ನೋಡಿದರೆ ತಮ್ಮ ಮಾತು ಸರಿ. ಆದರೆ ಎಲ್ಲ ಕಡೆ ತಂತಿ ಇದ್ದು ಒಂದು ಕವಲಿಗೆ ಮಾತ್ರ ಇಲ್ಲದಿದ್ದರೆ, ಆ ಕವಲಿಗಾಗಿ ಬೇರೆ ಲೋಕೋ, ಬೇರೆ ಶೆಡ್, ಬೇರೆ ತರಬೇತಿಯ ಚಾಲಕರು, ಎಣ್ಣೆ ತುಂಬುವ ವ್ಯವಸ್ಥೆ ಇವೆಲ್ಲ ಬೇಕಾಗುತ್ತವೆ. ಸಾಲದ್ದಕ್ಕೆ ಗಿಣಿಗೇರಾದಲ್ಲಿ ಪ್ರತಿ ರೈಲಿಗೂ ಇಂಜಿನ್ ಬದಲಿಸುತ್ತ ಕೂರಬೇಕು. ಎರಡು ಸಂಸಾರ ನಡೆಸುವ ಈ ಖರ್ಚನ್ನು ತಪ್ಪಿಸಲೆಂದೇ ಭಾರತ ಕೊನೆಯ ಕವಲಿನವರೆಗೂ ಹೋಯಿತು. ಬ್ರಿಟನ್, ಜರ್ಮನಿಗಳು ಹೋಗಲಿಲ್ಲ. ಬ್ರಿಟನ್ನಿನಲ್ಲಿ ತಂತಿ ಇರುವ ಮಾರ್ಗ ಶೇ. 40ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಸುಮಾರು ಶೇ. 60.

ಪೂರ್ವ ಆಫ್ರಿಕಾದಲ್ಲಿ ಇದಕ್ಕಿಂತ ಸ್ವಾರಸ್ಯದ ಸಂಗತಿ ನಡೆಯುತ್ತಿದೆ. ಕೀನ್ಯಾ 2017ರಲ್ಲಿ ಮೊಂಬಾಸಾ–ನೈರೋಬಿ ನಡುವೆ ಹೊಸ ಸ್ಟ್ಯಾಂಡರ್ಡ್ ಗೇಜ್ ಮಾರ್ಗ ತೆರೆದು ಅದರ ಮೇಲೆ ಡೀಸೆಲ್ ಓಡಿಸಿತು. ಪಕ್ಕದ ತಾಂಜಾನಿಯಾ ಕೆಲವೇ ವರ್ಷಗಳ ನಂತರ ಅದೇ ಗೇಜಿನಲ್ಲಿ ಮಾರ್ಗ ಕಟ್ಟಿ, ಮೊದಲ ದಿನದಿಂದಲೇ ತಂತಿ ಹಾಕಿ, 2024ರಲ್ಲಿ ದಾರ್ ಎಸ್ ಸಲಾಮ್‌ನಿಂದ ಡೊಡೊಮಾಕ್ಕೆ ವಿದ್ಯುತ್ ರೈಲು ಓಡಿಸಿತು. ಇಥಿಯೋಪಿಯಾ–ಜಿಬೂಟಿ ಮಾರ್ಗವೂ ವಿದ್ಯುತ್ತಿನದೇ. ಕೀನ್ಯಾದಲ್ಲಿ ವಿದ್ಯುತ್ತಿಗೇನೂ ಬರವಿಲ್ಲ, ಭೂಗರ್ಭದ ಶಾಖದಿಂದ ಮತ್ತು ನೀರಿನಿಂದ ಅದನ್ನು ಧಾರಾಳವಾಗಿ ತಯಾರಿಸುತ್ತದೆ. ನನ್ನ ದೃಷ್ಟಿಯಲ್ಲಿ ಅದು ಕಳೆದುಕೊಂಡ ಅವಕಾಶ, ಏಕೆಂದರೆ ಹೊಸ ಮಾರ್ಗಕ್ಕೆ ತಂತಿ ಹಾಕುವಷ್ಟು ಸುಲಭವಾಗಿ ಓಡುತ್ತಿರುವ ಮಾರ್ಗಕ್ಕೆ ಹಾಕಲಾಗದು. ಸಂಚಾರವಿರುವ ಹಳಿಯ ಮೇಲೆ ಕೆಲಸಕ್ಕೆ ಬ್ಲಾಕ್ (ರೈಲು ನಿಲ್ಲಿಸುವ ಬಿಡುವು) ಸಿಗುವುದೆಂದರೆ ಏನೆಂದು ಈ ಮಾರ್ಗದ ಪ್ರಯಾಣಿಕರಿಗೆಲ್ಲ ಗೊತ್ತಿದೆ.

ಇನ್ನು, ಒಮ್ಮೆ ತಂತಿ ಬಂದರೆ ಡೀಸೆಲ್ ಮರಳುವುದಿಲ್ಲ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಪಾಕಿಸ್ತಾನದಲ್ಲಿ ಲಾಹೋರ್–ಖಾನೆವಾಲ್ ನಡುವೆ ದಶಕಗಳ ಕಾಲ ವಿದ್ಯುತ್ ರೈಲು ಓಡಿ ನಂತರ ನಿಂತಿತು. ಈಗ ಅಲ್ಲಿಯದೆಲ್ಲ ಡೀಸೆಲ್. ನ್ಯೂಜಿಲೆಂಡಿನ ಕೀವಿರೈಲ್ ಉತ್ತರ ದ್ವೀಪದ ಮುಖ್ಯ ಮಾರ್ಗದ ವಿದ್ಯುತ್ ಲೋಕೋಗಳನ್ನು ತೆಗೆದು ಡೀಸೆಲ್ ತರುವುದಾಗಿ 2016ರಲ್ಲಿ ಘೋಷಿಸಿತು. ಮಾರ್ಗದ ಮಧ್ಯಭಾಗಕ್ಕೆ ಮಾತ್ರ ತಂತಿ ಇದ್ದುದರಿಂದ ಎರಡೂ ತುದಿಗಳಲ್ಲಿ ಇಂಜಿನ್ ಬದಲಿಸುವ ತಾಪತ್ರಯ ಅವರನ್ನು ಕಾಡಿತ್ತು. ಸರ್ಕಾರ 2018ರಲ್ಲಿ ಹಣ ಕೊಟ್ಟು ಆ ನಿರ್ಧಾರವನ್ನು ತಿರುಗಿಸಿತು. ದಕ್ಷಿಣ ಆಫ್ರಿಕಾದಲ್ಲಿ ತಾಮ್ರದ ಕಳ್ಳರು ತಂತಿಯನ್ನೇ ಕದ್ದೊಯ್ಯುವುದರಿಂದ ವಿದ್ಯುದೀಕರಣಗೊಂಡ ಮಾರ್ಗಗಳ ಮೇಲೂ ಡೀಸೆಲ್ ಓಡಿಸಬೇಕಾದ ಪರಿಸ್ಥಿತಿ ಬಂದಿದೆ. ಬ್ರಿಟನ್ನಿನ ಒಂದು ಸರಕು ಕಂಪನಿಯಂತೂ 2021ರಲ್ಲಿ ವಿದ್ಯುತ್ ದರ ವಿಪರೀತ ಏರಿದಾಗ ತಂತಿಯ ಕೆಳಗೇ ಡೀಸೆಲ್ ಲೋಕೋಗಳನ್ನು ಓಡಿಸಿತು.

ನಿವೃತ್ತ ಚಾಲಕ, ಹೊಸಪೇಟೆ:

ತಂತಿ ಹರಿದಾಗ ಅದನ್ನು ಸರಿಪಡಿಸಲು ಬರುವ ಟವರ್ ವ್ಯಾಗನ್ ಕೂಡ ಡೀಸೆಲ್ಲಿನದೇ ಎಂಬುದನ್ನು ಮರೆಯಬೇಡಿ. ಚಂಡಮಾರುತ, ಅಪಘಾತ, ಗಡಿಯ ಅಗತ್ಯ ಇವುಗಳಿಗಾಗಿ ಒಂದಷ್ಟು ಡೀಸೆಲ್ ಲೋಕೋಗಳನ್ನು ಇಲಾಖೆ ಉಳಿಸಿಕೊಳ್ಳುತ್ತಿರುವುದು ಸರಿಯಾಗಿದೆ. ಯಾರ್ಡಿನ ಷಂಟಿಂಗ್‌ನಲ್ಲೂ, ಕಾರ್ಖಾನೆಗಳ ಒಳಗಿನ ಲೋಡಿಂಗ್ ಹಳಿಗಳಲ್ಲೂ ಅದರ ಕೆಲಸ ಇನ್ನೂ ಬಹಳ ವರ್ಷ ಇರುತ್ತದೆ, ಏಕೆಂದರೆ ಮೇಲಿನಿಂದ ಅದಿರು ಸುರಿಯುವ ಜಾಗದಲ್ಲಿ ತಂತಿ ಕಟ್ಟಲಾಗುವುದಿಲ್ಲ.

ಕಾರಟಗಿ ಅಕ್ಕಿ (ಕೊಪ್ಪಳ ಜಿಲ್ಲೆ):

ಹೈಡ್ರೋಜನ್, ಬ್ಯಾಟರಿ ಎಂದೆಲ್ಲ ಪತ್ರಿಕೆಗಳಲ್ಲಿ ಬರುತ್ತದೆ. ಡೀಸೆಲ್ಲಿನ ಜಾಗಕ್ಕೆ ಅವು ಬರಬಲ್ಲವೇ?

ಲೆಕ್ಕದ ಮೇಷ್ಟ್ರು (ಬಳ್ಳಾರಿ):

ಪ್ರಯಾಣಿಕರ ಸಣ್ಣ ರೈಲಿಗೆ ಬ್ಯಾಟರಿ ಬರುತ್ತದೆ, ಬರುತ್ತಿದೆ. ಹೈಡ್ರೋಜನ್ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಜರ್ಮನಿಯ ಲೋವರ್ ಸ್ಯಾಕ್ಸನಿ 2018ರಲ್ಲಿ ಹೈಡ್ರೋಜನ್ ರೈಲು ಓಡಿಸಿ ಜಗತ್ತಿನ ಗಮನ ಸೆಳೆಯಿತು. 2023ರಲ್ಲಿ ಅದೇ ರಾಜ್ಯ ಮುಂದಿನ ಖರೀದಿಗೆ ಬ್ಯಾಟರಿ ರೈಲುಗಳನ್ನು ಆರಿಸಿತು. ಭಾರದ ಅದಿರಿನ ರೈಲಿಗೆ ಎರಡೂ ಇನ್ನೂ ದೂರದ ಮಾತು. ಪಿಲ್ಬರಾದಲ್ಲಿ ಗಣಿ ಎತ್ತರದಲ್ಲೂ ಬಂದರು ಕೆಳಗೂ ಇರುವುದರಿಂದ ಇಳಿಯುವಾಗಲೇ ಬ್ಯಾಟರಿ ತುಂಬಿಕೊಳ್ಳುವ ಲೋಕೋಗಳ ಪ್ರಯತ್ನ ನಡೆದಿದೆ. ಚಾಲಕ ಹಿರಿಯರು ನಾರ್ವಿಕ್ ಬಗ್ಗೆ ಹೇಳಿದ್ದನ್ನೇ ತಂತಿಯಿಲ್ಲದೆ ಮಾಡುವ ಸಾಹಸ ಇದು.

ಕೃಷ್ಣಾ ತೀರ (ರಾಯಚೂರು):

ಕೊನೆಯ ಪ್ರಶ್ನೆ. ಇಲ್ಲಿ ಕೆಲಸವಿಲ್ಲದಿದ್ದರೆ ನಮ್ಮ ಡೀಸೆಲ್ ಲೋಕೋ ಕಾರ್ಖಾನೆಗಳು ಮುಂದೇನು ಮಾಡುತ್ತವೆ?

ತೋರಣಗಲ್ಲು ಜಂಕ್ಷನ್ (ಸಂಡೂರು ತಾಲ್ಲೂಕು):

1964ರಿಂದ ಡೀಸೆಲ್ ಲೋಕೋ ಕಟ್ಟುತ್ತಿದ್ದ ವಾರಾಣಸಿಯ ಕಾರ್ಖಾನೆ ಈಗ ಮುಖ್ಯವಾಗಿ ವಿದ್ಯುತ್ ಲೋಕೋ ಕಟ್ಟುತ್ತಿದೆ; 2020ರಲ್ಲಿ ಅದರ ಹೆಸರಿನಿಂದ ‘ಡೀಸೆಲ್’ ಕೂಡ ಹೋಯಿತು. ಆದರೂ ಮೊಜಾಂಬಿಕ್‌ಗೆ ಬೇಕಾದ 3300 ಅಶ್ವಶಕ್ತಿಯ ಡೀಸೆಲ್ ಲೋಕೋಗಳನ್ನು ಅಲ್ಲಿಯ ಕೇಪ್ ಗೇಜಿಗೆ (ನಮ್ಮ ಬ್ರಾಡ್‌ಗೇಜಿಗಿಂತ ಕಿರಿದಾದ ಹಳಿಗೆ) ಹೊಂದಿಸಿ ಕಳಿಸುತ್ತಿದೆ. ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ದೂರದ ರೈಲುಗಳೆಲ್ಲ ಡೀಸೆಲ್ಲಿನವೇ ಆದ್ದರಿಂದ ನಮ್ಮ ಲೋಕೋಗಳು ಅಲ್ಲಿಗೂ ಹೋಗಿವೆ. 2020ರಲ್ಲಿ ಬಾಂಗ್ಲಾದೇಶಕ್ಕೆ 10 ಡೀಸೆಲ್ ಲೋಕೋಗಳನ್ನು ಭಾರತ ಕೊಟ್ಟಿತು.

ದೊಡ್ಡ ಬೇಡಿಕೆ ಬಂದಿರುವುದು ಮತ್ತೆ ಅದಿರಿನಿಂದಲೇ. ಪಶ್ಚಿಮ ಆಫ್ರಿಕಾದ ಗಿನಿ ದೇಶದ ಸಿಮಾಂಡು ಬೆಟ್ಟಗಳಲ್ಲಿ ಹೊಸ ಕಬ್ಬಿಣದ ಗಣಿ ತೆರೆದಿದೆ, ಅಲ್ಲಿಂದ ಕಡಲಿಗೆ 600 ಕಿಲೋಮೀಟರಿಗೂ ಉದ್ದದ ಹೊಸ ಮಾರ್ಗ ಬಂದಿದೆ. ಆ ಮಾರ್ಗಕ್ಕೆ 4500 ಅಶ್ವಶಕ್ತಿಯ 150 ಡೀಸೆಲ್ ಲೋಕೋಗಳು ಬಿಹಾರದ ಮಢೌರಾ ಕಾರ್ಖಾನೆಯಿಂದ ಹೋಗಬೇಕಿದ್ದು, ಮೊದಲನೆಯದು 2025ರ ಜೂನ್‌ನಲ್ಲಿ ಹೊರಟಿತು. ಸರಕು ಖಚಿತವಿದೆ, ಮಾರ್ಗವೂ ಹೊಚ್ಚ ಹೊಸದು. ಮೇಷ್ಟ್ರ ಸೂತ್ರದ ಪ್ರಕಾರ ತಂತಿ ಇರಬೇಕಿತ್ತು. ಇಲ್ಲದಿರುವುದಕ್ಕೆ ಗಿನಿಯ ಒಳನಾಡಿನಲ್ಲಿ ಅಷ್ಟು ರೈಲುಗಳನ್ನು ಎಳೆಯಬಲ್ಲ ಗ್ರಿಡ್ ಇಲ್ಲದಿರುವುದೇ ಕಾರಣವೆಂದು ನನ್ನ ಅಂದಾಜು. ಹಾಗಿದ್ದರೆ ಸೂತ್ರಕ್ಕೆ ‘ಹತ್ತಿರದಲ್ಲಿ ನಂಬಬಹುದಾದ ಗ್ರಿಡ್’ ಎಂಬ ಇನ್ನೊಂದು ಅಂಶವನ್ನು ಸೇರಿಸಬೇಕಾಗುತ್ತದೆ. ಮೇಷ್ಟ್ರು ಒಪ್ಪುತ್ತಾರೆಯೇ?

ಲೆಕ್ಕದ ಮೇಷ್ಟ್ರು (ಬಳ್ಳಾರಿ):

ಒಪ್ಪುತ್ತೇನೆ, ಅದನ್ನು ತೈಲ ಬೆಲೆಗಿಂತ ಮೇಲೆಯೇ ಇಡಿ. ಪಿಲ್ಬರಾ, ಮಾರಿಟೇನಿಯಾ ಎರಡಕ್ಕೂ ಅದು ಅನ್ವಯಿಸುತ್ತದೆ. ಕರಾಜಾಸ್ ಮಾತ್ರ ಇನ್ನೂ ಹೊಂದುವುದಿಲ್ಲ: ಅದರ ಹತ್ತಿರದಲ್ಲೇ ಟುಕುರುಯಿಯ ದೊಡ್ಡ ಜಲವಿದ್ಯುತ್ ಕೇಂದ್ರವಿದೆ. ಆ ಮಾರ್ಗದ ಬಗ್ಗೆ ಓದಿಕೊಂಡವರು ಇದ್ದರೆ ಇಲ್ಲಿಯೇ ಮುಂದುವರಿಸಲಿ.